ಪತ್ತನಾಜೆಯ ಪಂಚಾಂಗ, ಪಿಎಚ್‌ಡಿಯ ಗಡುವು

ಪ್ರಗತಿ ವರದಿಯ ನಮೂನೆಯಲ್ಲಿ ‘ಕಳೆದ ಆರು ತಿಂಗಳಲ್ಲಿ ಕೈಗೊಂಡ ಕ್ಷೇತ್ರಕಾರ್ಯ’ ಎಂದೊಂದು ಕಾಲಂ ಇತ್ತು. ಒಂದು ನವೆಂಬರಿನಲ್ಲಿ ಅದನ್ನು ತುಂಬಲು ಕೂತವಳು ಅರ್ಧ ಗಂಟೆ ಪೆನ್ನು ಹಿಡಿದುಕೊಂಡೇ ಇದ್ದೆ. ಕಳೆದ ಆರು ತಿಂಗಳು ಎಂದರೆ ಜೂನ್‌ನಿಂದ ನವೆಂಬರ್. ನನ್ನ ವಿಷಯ ನೇಮ, ಅಂದರೆ ತುಳುನಾಡಿನ ದೈವಾರಾಧನೆ. ತುಳು ಪಂಚಾಂಗದ ಬೇಶ ತಿಂಗಳ ಹತ್ತನೇ ದಿನ, ಅಂದರೆ ಮೇ 24ರ ಆಸುಪಾಸು, ಪತ್ತನಾಜೆ ಬಂತೆಂದರೆ ತುಳುನಾಡಿನಲ್ಲಿ ಕೋಲ ನೇಮಗಳು ನಿಲ್ಲುತ್ತವೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮತ್ತೆ ಶುರುವಾಗಬೇಕಾದರೆ ದೀಪಾವಳಿ ಕಳೆಯಬೇಕು. ಕೊನೆಗೆ ‘ಋತು ಇರಲಿಲ್ಲ’ ಎಂದು ಬರೆದೆ. ಸಮಿತಿಗೆ ಹೊರಗಿನಿಂದ ಬಂದಿದ್ದ ಪ್ರಾಧ್ಯಾಪಕರೊಬ್ಬರು ಕನ್ನಡಕ ಸರಿಮಾಡಿಕೊಂಡು, "ಋತು ಇರಲಿಲ್ಲ ಅಂದ್ರೆ ಏನಮ್ಮ, ಮಾವಿನಹಣ್ಣಾ?" ಎಂದು ಕೇಳಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಯೋಚಿಸಿದರೆ ಹೋಲಿಕೆ ಅಷ್ಟೇನೂ ತಪ್ಪಿರಲಿಲ್ಲ.

ಮಾನವಿಕ ಮತ್ತು ಸಮಾಜ ವಿಜ್ಞಾನಗಳಲ್ಲಿ ಪಿಎಚ್‌ಡಿ ಮಾಡುವವರ ಕಷ್ಟದ ಮಾತು ಬಂದಾಗಲೆಲ್ಲ ದುಡ್ಡಿಲ್ಲ ಎನ್ನುತ್ತಾರೆ, ಒಂಟಿತನ ಎನ್ನುತ್ತಾರೆ. ಎರಡೂ ಸುಳ್ಳಲ್ಲ. ಆದರೆ ಮಂಗಳೂರು ವಿಶ್ವವಿದ್ಯಾನಿಲಯ ಇರುವ ಕೊಣಾಜೆಯ ಗುಡ್ಡದಲ್ಲೂ ಉಡುಪಿಯ ಗ್ರಂಥಾಲಯಗಳಲ್ಲೂ ವರ್ಷಗಟ್ಟಲೆ ಓಡಾಡಿದವಳಾಗಿ ನನಗೆ ಕಾಣುವುದು ಹೊತ್ತಿನ ಜಗಳ. ನಿಯಮಾವಳಿಗೊಂದು ಪಂಚಾಂಗ, ಫೆಲೋಶಿಪ್‌ಗೊಂದು, ಕೆಲಸಕ್ಕೇ ಅದರದೊಂದು. ಇವು ಒಂದಕ್ಕೊಂದು ಕೂಡುವುದಿಲ್ಲ. ಕೂಡದ ಜಾಗದಲ್ಲಿ ಉಳಿಯುವ ತಿಂಗಳುಗಳ ಖರ್ಚನ್ನು ಯಾರು ಹೊರುತ್ತಾರೆ ಎಂಬುದರ ಮೇಲೆ ಯಾರ ಪಿಎಚ್‌ಡಿ ಮುಗಿಯುತ್ತದೆ, ಯಾರದು ನಿಲ್ಲುತ್ತದೆ ಎಂಬುದು ನಿಂತಿದೆ.

ಮೊದಲು ನಿಯಮದ ಪಂಚಾಂಗ. ವಿಶ್ವವಿದ್ಯಾನಿಲಯ ಅನುದಾನ ಆಯೋಗ (ಯುಜಿಸಿ) 2022ರ ನವೆಂಬರಿನಲ್ಲಿ ಹೊರಡಿಸಿದ ನಿಯಮಾವಳಿಯಂತೆ ಪಿಎಚ್‌ಡಿಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಮರುನೋಂದಣಿ ಮಾಡಿಸಿದರೆ ಇನ್ನೆರಡು ವರ್ಷ ಸಿಗಬಹುದು. ಮಹಿಳೆಯರಿಗೂ ಶೇ. 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೂ ಅದರ ಮೇಲೆ ಮತ್ತೆರಡು. ಆರಂಭದಲ್ಲಿ ಕನಿಷ್ಠ 12 ಕ್ರೆಡಿಟ್‌ಗಳ ಕೋರ್ಸ್‌ವರ್ಕ್. ಆರು ತಿಂಗಳಿಗೊಮ್ಮೆ ಸಲಹಾ ಸಮಿತಿಯ ಮುಂದೆ ಹಾಜರಿ. ಕಾಗದದ ಮೇಲೆ ಇದು ಧಾರಾಳವಾಗಿಯೇ ಇದೆ.

ಈಗ ಇದನ್ನು ನೇಮದ ಋತುಗಳಲ್ಲಿ ಎಣಿಸಿ ನೋಡಿ. ಮೊದಲ ಋತು ಕೋರ್ಸ್‌ವರ್ಕ್‌ನ ತರಗತಿ, ಪರೀಕ್ಷೆಯಲ್ಲಿ ಹೋಯಿತು. ಮೂರು ವರ್ಷಕ್ಕೆ ಮುಗಿಸುತ್ತೇನೆ ಎಂದವಳ ಕೈಯಲ್ಲಿ ಉಳಿಯುವುದು ಎರಡೇ ಋತು. ನೇಮ ನಡೆಸುವ ಗುತ್ತಿನ ಮನೆಯಲ್ಲಿ ಸೂತಕ ಬಂದರೆ ಆ ವರ್ಷದ ನೇಮ ಮುಂದಕ್ಕೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಿದ್ದದ್ದು ಋತುವಿನ ನಟ್ಟನಡುವೆ, ಮಾರನೇ ವರ್ಷ ಎರಡನೇ ಅಲೆ ಬಂದದ್ದೂ ಅದೇ ಬೇಸಗೆಯಲ್ಲಿ. ಯುಜಿಸಿ ಆಗ ಪ್ರಬಂಧ ಸಲ್ಲಿಸುವ ಗಡುವನ್ನು ಆರಾರು ತಿಂಗಳು ಮುಂದೂಡುತ್ತ ಹೋಯಿತು. ಒಳ್ಳೆಯದೇ. ಆದರೆ ಜೂನ್‌ನಲ್ಲಿ ಸಿಕ್ಕಿದ ಆರು ತಿಂಗಳಿಗೂ ಡಿಸೆಂಬರಿನಲ್ಲಿ ಸಿಕ್ಕಿದ ಆರು ತಿಂಗಳಿಗೂ ಇಲ್ಲಿ ಅಜಗಜಾಂತರ.

ಇದು ಜಾನಪದದವರ ಕಥೆ ಮಾತ್ರ ಅಲ್ಲ. ಮಲ್ಪೆಯ ಮೀನುಗಾರಿಕೆಯ ಮೇಲೆ ಕೆಲಸ ಮಾಡುವವರಿಗೆ ಲೆಕ್ಕ ತಿರುಗಮುರುಗ: ದೋಣಿ ಇಳಿಯದ ಜೂನ್, ಜುಲೈಯಲ್ಲಿ ಜನ ಕೂತು ಮಾತಾಡಲು ಸಿಗುತ್ತಾರೆ, ಉಳಿದ ಕಾಲದಲ್ಲಿ ನಸುಕಿಗೇ ಬಂದರಿಗೆ ಹೋಗಿ ನಿಂತರೂ ಹೆಂಗಸರಿಗೆ ನಿಮ್ಮ ಪ್ರಶ್ನೆಗೆ ಉತ್ತರ ಕೊಡುವ ಪುರುಸೊತ್ತಿಲ್ಲ. ಭೂಸುಧಾರಣೆಯ ಮೇಲೆ ಕೆಲಸ ಮಾಡುವವರು ತಾಲೂಕು ಕಚೇರಿಯ ದಾಖಲೆ ಕೋಣೆಯ ಪಂಚಾಂಗ ಕಲಿಯಬೇಕು. 1974ರ ತಿದ್ದುಪಡಿಯ ಬಳಿಕ ಗೇಣಿದಾರರು ಭೂಮಿಯ ಹಕ್ಕಿಗಾಗಿ ಕೊಟ್ಟ ಏಳನೇ ನಮೂನೆಯ ಅರ್ಜಿಗಳು, ನಮ್ಮ ಹಳ್ಳಿಗಳಲ್ಲಿ ಇವತ್ತಿಗೂ ‘ಡಿಕ್ಲರೇಶನ್’ ಎಂದೇ ಕರೆಸಿಕೊಳ್ಳುವವು, ಈ ಜಿಲ್ಲೆಗಳ ಸಾಮಾಜಿಕ ಇತಿಹಾಸದ ದೊಡ್ಡ ಖಜಾನೆ. ಅದನ್ನು ನೋಡಲು ಚುನಾವಣೆ ಇರಬಾರದು, ಜಮಾಬಂದಿ ಇರಬಾರದು, ಕೀಲಿಕೈ ಇಟ್ಟುಕೊಂಡವರು ರಜೆಯಲ್ಲಿರಬಾರದು.

ಬಾಸೆಲ್ ಮಿಷನ್‌ನ ಇತಿಹಾಸಕ್ಕೆ ಕೈ ಹಾಕಿದವರ ಪಾಡು ಮತ್ತೂ ಬೇರೆ. 1834ರಲ್ಲಿ ಮಂಗಳೂರಿಗೆ ಬಂದ ಮಿಷನ್ 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರತಂದಿತು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿತು. ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಸಂಗ್ರಹದಲ್ಲಿ ಅದರ ಹಳೆಯ ಪುಸ್ತಕ, ಪತ್ರಿಕೆಗಳಿವೆ. ಆದರೆ ಮಿಷನರಿಗಳು ಊರಿಗೆ ಬರೆದ ವರದಿ, ಪತ್ರಗಳ ದೊಡ್ಡ ಪಾಲು ಇರುವುದು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ, ಅದೂ ಇವತ್ತಿನ ಜರ್ಮನರಿಗೇ ಸುಲಭಕ್ಕೆ ಓದಲು ಬಾರದ ಹಳೆಯ ಕೂಡಕ್ಷರದಲ್ಲಿ. ಫೋಟೋಗಳು ಅಂತರ್ಜಾಲದಲ್ಲಿ ಸಿಗುತ್ತವೆ ಎಂಬುದು ಸಮಾಧಾನ. ಜರ್ಮನ್ ಕಲಿತು, ಆ ಬರಹ ಕಲಿತು, ಪತ್ರ ಓದುವ ಹೊತ್ತಿಗೆ ಎರಡು ವರ್ಷ ಆಯಿತೆಂದರೆ ಸಮಿತಿಗೆ ಅದು ‘ಪ್ರಗತಿ’ ಎಂದು ಕಾಣಬೇಕಾದರೆ ಸಮಿತಿಯಲ್ಲಿ ತಿಳಿದವರು ಇರಬೇಕು.

ಕೆಲಸದ ಹೊತ್ತು ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರಿಗೆ ನನ್ನದೇ ಒಂದು ಉದಾಹರಣೆ ಕೊಡುತ್ತೇನೆ. ರಾತ್ರಿ ಒಂಬತ್ತಕ್ಕೆ ಶುರುವಾದ ನೇಮ ಬೆಳಗ್ಗೆ ಆರಕ್ಕೆ ಮುಗಿಯುತ್ತದೆ. ಹೋಗುವಾಗ ಬಸ್ಸಿತ್ತು, ಬರುವಾಗ ಮೊದಲ ಬಸ್ಸಿಗೆ ಕಾಯಬೇಕು. ಹುಡುಗಿ ಒಬ್ಬಳೇ ಎಂದು ಗುತ್ತಿನ ಹಿರಿಯ ಹೆಂಗಸರು ಚಾವಡಿಯ ಮೂಲೆಯಲ್ಲಿ ಕೂರಿಸಿಬಿಡುತ್ತಾರೆ. ಕಾಳಜಿಯೇ, ಆದರೆ ಅಲ್ಲಿಂದ ಅಂಗಳದ ಮಾತು ಅರ್ಧವೇ ಕೇಳುತ್ತದೆ. ಸಿಕ್ಕಿದ ಧ್ವನಿಯಲ್ಲಿ ತೆಂಬರೆ, ಬ್ಯಾಂಡು, ಪಟಾಕಿ. ಅದರ ನಡುವಿನಿಂದ ಒಂದು ಗಂಟೆಯ ಪಾಡ್ದನವನ್ನು, ಅಂದರೆ ಕಥೆ ಹೇಳುವ ತುಳು ಹಾಡನ್ನು, ಅಕ್ಷರಕ್ಕೆ ಇಳಿಸಲು ನನಗೆ ಎರಡು ಪೂರ್ತಿ ದಿನ ಬೇಕಾಗುತ್ತಿತ್ತು.

ಏಕೆ ಅಷ್ಟು ಎಂದರೆ, ತುಳುವಿನಲ್ಲಿ ‘ಬರ್ಪೆ’ ಎಂದು ಬರೆದರೆ ‘ಬರುತ್ತೇನೆ’ ಎಂದೂ ಓದಬಹುದು, ‘ಬರುತ್ತಾನೆ’ ಎಂದೂ ಓದಬಹುದು. ಬಾಯಲ್ಲಿ ಗೊಂದಲವೇ ಇಲ್ಲ. ‘ನಾನು’ ಎನ್ನುವಾಗ ಕೊನೆಯ ಎಕಾರಕ್ಕೆ ಬಾಯಿ ಅಗಲವಾಗುತ್ತದೆ, ‘ಅವನು’ ಎನ್ನುವಾಗ ಇಲ್ಲ. ಕನ್ನಡ ಲಿಪಿಗೆ ಈ ಭೇದ ತೋರಿಸುವ ಅಕ್ಷರ ಇಲ್ಲ. ಅಂಗಳದಲ್ಲಿ ದೈವ ಕಟ್ಟಿದವರು ದೈವದ ಕಥೆ ಹೇಳುತ್ತ ಹೇಳುತ್ತ ದೈವವೇ ಆಗಿ ಮಾತಾಡುವುದಕ್ಕೆ ಜಾರುವ ಗಳಿಗೆ ಒಂದಿರುತ್ತದಲ್ಲ, ಅದು ಎಷ್ಟೋ ಸಲ ಆ ಒಂದು ಸ್ವರದಲ್ಲಿ ಅಡಗಿರುತ್ತದೆ. ನನ್ನ ಇಡೀ ಮೂರನೇ ಅಧ್ಯಾಯ ನಿಂತದ್ದು ಆ ಸ್ವರದ ಮೇಲೆ. 2024ರ ಜೂನ್‌ನಲ್ಲಿ ಗೂಗಲ್ ತನ್ನ ಅನುವಾದದ ಸೌಲಭ್ಯಕ್ಕೆ ತುಳುವನ್ನೂ ಸೇರಿಸಿದಾಗ ನಾವೆಲ್ಲ ಖುಷಿಪಟ್ಟೆವು. ನಡುರಾತ್ರಿಯ ಅಂಗಳದ ಈ ಸ್ವರವನ್ನು ಮಾತ್ರ ಕಿವಿಗೊಟ್ಟು, ಹಿಂದಕ್ಕೆ ತಿರುಗಿಸಿ, ಮತ್ತೆ ಕೇಳಿಯೇ ಹಿಡಿಯಬೇಕು.

ಈ ಹೊತ್ತಿಗೆ ದುಡ್ಡು ಎಲ್ಲಿಂದ? ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ (ನೆಟ್) ಮುಂದೆ ಬಂದವರಿಗೆ ಸಿಗುವ ಸಂಶೋಧನಾ ಫೆಲೋಶಿಪ್, ಜೆಆರ್‌ಎಫ್, ಬಂದವರು ಭಾಗ್ಯವಂತರು. 2023ರ ಜನವರಿಯಿಂದ ಅನ್ವಯವಾಗುವಂತೆ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000, ಜೊತೆಗೆ ಮನೆ ಬಾಡಿಗೆ ಭತ್ಯೆ. ಪುಸ್ತಕ, ಓಡಾಟ, ಜೆರಾಕ್ಸ್‌ಗೆಂದು ಕೊಡುವ ಕಂಟಿಂಜೆನ್ಸಿ ನಮ್ಮ ವಿಷಯಗಳಿಗೆ ಮೊದಲೆರಡು ವರ್ಷ ವರ್ಷಕ್ಕೆ 10,000, ನಂತರ 20,500. ಇಲ್ಲೇ ತಮಾಷೆ ನೋಡಿ: ಕ್ಷೇತ್ರಕಾರ್ಯ ಹೆಚ್ಚು ನಡೆಯುವುದು ಮೊದಲ ವರ್ಷಗಳಲ್ಲಿ, ದುಡ್ಡು ಹೆಚ್ಚಾಗುವುದು ಮನೆಯಲ್ಲಿ ಕೂತು ಬರೆಯುವ ವರ್ಷಗಳಲ್ಲಿ. ಫೆಲೋಶಿಪ್ ಒಟ್ಟು ಐದು ವರ್ಷಕ್ಕೆ ಮುಗಿಯುತ್ತದೆ, ಪಿಎಚ್‌ಡಿಯ ಗಡುವು ಆರು. ಕೊನೆಯ ವರ್ಷ, ಅಂದರೆ ಎಲ್ಲವನ್ನೂ ಒಟ್ಟುಹಾಕಿ ಬರೆಯುವ ವರ್ಷ, ಖಾಲಿ ಕೈ. ಇನ್ನು ತಿಂಗಳು ತಿಂಗಳು ಹಣ ಬರುವುದೂ ಖಾತ್ರಿಯಿಲ್ಲ. ಗೈಡ್ ಸಹಿ, ವಿಭಾಗದ ಸಹಿ, ಪೋರ್ಟಲ್‌ನಲ್ಲಿ ದೃಢೀಕರಣ, ಎಲ್ಲೋ ಒಂದು ಕೊಂಡಿ ತಪ್ಪಿದರೆ ಮೂರು ತಿಂಗಳು ಮೌನ. ಆಮೇಲೆ ಒಂದೇ ದಿನ ಲಕ್ಷ ಬಂದು ಬೀಳುತ್ತದೆ. ಅಂದು ಸಾಲ ತೀರಿಸುವ ಹಬ್ಬ.

ಜೆಆರ್‌ಎಫ್ ಸಿಗುವುದು ಎಷ್ಟು ಮಂದಿಗೆ? ಪರೀಕ್ಷೆ ಬರೆದವರಲ್ಲಿ ಶೇ. 6ರಷ್ಟು ಮಂದಿ ಮಾತ್ರ ನೆಟ್ ಅರ್ಹರು, ಜೆಆರ್‌ಎಫ್ ಅದರಲ್ಲೂ ಒಂದು ಸಣ್ಣ ಪಾಲು. ವಯಸ್ಸಿನ ಮಿತಿ 30, ಮಹಿಳೆಯರಿಗೆ ಮತ್ತು ಮೀಸಲಾತಿ ವರ್ಗದವರಿಗೆ ಐದು ವರ್ಷ ಸಡಿಲಿಕೆ. ನಮ್ಮಲ್ಲಿ ಇದಕ್ಕೊಂದು ಸ್ಥಳೀಯ ಗಂಟೂ ಇದೆ. ಮಂಗಳೂರಿನ ಹಂಪನಕಟ್ಟೆಯ ವಿಶ್ವವಿದ್ಯಾನಿಲಯ ಕಾಲೇಜಿನಲ್ಲಿ ಕೊಂಕಣಿ, ತುಳು ಎರಡರಲ್ಲೂ ಎಂ.ಎ. ಮಾಡಬಹುದು. ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿರುವ ಕೊಂಕಣಿ ನೆಟ್ ವಿಷಯಗಳ ಪಟ್ಟಿಯಲ್ಲಿದೆ, ತುಳು ಇಲ್ಲ. ತುಳು ಎಂ.ಎ. ಮಾಡಿದವರು ಕನ್ನಡಕ್ಕೋ ಜನಪದ ಸಾಹಿತ್ಯಕ್ಕೋ ಕೂತು ಬರೆಯಬೇಕು. ತುಳುವನ್ನು ಎಂಟನೇ ಪರಿಚ್ಛೇದಕ್ಕೆ ಸೇರಿಸಿ ಎಂಬ ಬೇಡಿಕೆಯನ್ನು ಭಾವನಾತ್ಮಕ ಎಂದು ತಳ್ಳಿಹಾಕುವವರು ಈ ಲೆಕ್ಕವನ್ನೊಮ್ಮೆ ನೋಡಬೇಕು.

2024ರಿಂದ ಪಿಎಚ್‌ಡಿ ಪ್ರವೇಶಕ್ಕೂ ನೆಟ್ ಅಂಕವನ್ನೇ ಬಳಸಬಹುದು ಎಂದಾಯಿತು. ಜೆಆರ್‌ಎಫ್ ಬಾರದವರ ಅಂಕಕ್ಕೆ ಒಂದೇ ವರ್ಷ ಬಾಳಿಕೆ. ಅದೇ ವರ್ಷ ಜೂನ್ 18ರಂದು ನಡೆದ ಪರೀಕ್ಷೆಯನ್ನು ಮಾರನೇ ದಿನವೇ ರದ್ದು ಮಾಡಿದರು, ಮರುಪರೀಕ್ಷೆ ಆಗಸ್ಟ್, ಸೆಪ್ಟೆಂಬರಿಗೆ ಹೋಯಿತು, ಫಲಿತಾಂಶ ಬಂದಾಗ ಅಕ್ಟೋಬರ್. ಪ್ರವೇಶ, ಸಂದರ್ಶನ, ಕೋರ್ಸ್‌ವರ್ಕ್ ಎಲ್ಲ ಅಷ್ಟಷ್ಟು ಹಿಂದೆ ಸರಿದವು. ದೆಹಲಿಯಲ್ಲಿ ಒಂದು ಪ್ರಶ್ನೆಪತ್ರಿಕೆ ಕೆಟ್ಟರೆ ಬಂಟ್ವಾಳದ ಕಡೆಯ ಒಬ್ಬಳ ನೇಮದ ಋತು ಕೈತಪ್ಪುತ್ತದೆ.

ಜೆಆರ್‌ಎಫ್ ಇಲ್ಲದವರ ಪಾಲಿಗೆ ಕೇಂದ್ರೀಯ ವಿಶ್ವವಿದ್ಯಾನಿಲಯ, ರಾಜ್ಯದ್ದು, ಖಾಸಗಿಯದು ಎಂಬ ಭೇದ ದೊಡ್ಡದು. ಕೇಂದ್ರೀಯ ವಿಶ್ವವಿದ್ಯಾನಿಲಯಗಳಲ್ಲಿ ನೆಟ್ ಇಲ್ಲದ ಸಂಶೋಧಕರಿಗೂ ತಿಂಗಳಿಗೆ 8,000 ರೂಪಾಯಿ ಇದೆ. ಅದನ್ನು ನಿಲ್ಲಿಸುತ್ತೇವೆ ಎಂದಾಗಲೇ 2015ರ ಅಕ್ಟೋಬರಿನಲ್ಲಿ ವಿದ್ಯಾರ್ಥಿಗಳು ಯುಜಿಸಿ ಕಚೇರಿಯ ಮುಂದೆ ಬೀಡುಬಿಟ್ಟದ್ದು. ಮಂಗಳೂರಿನಂಥ ರಾಜ್ಯ ವಿಶ್ವವಿದ್ಯಾನಿಲಯಕ್ಕೆ ಆ ಯೋಜನೆ ಅನ್ವಯಿಸುವುದೇ ಇಲ್ಲ. ಕೊಣಾಜೆಯಿಂದ ಎಂಬತ್ತು ಕಿಲೋಮೀಟರ್ ಆಚೆ ಮಣಿಪಾಲದ ಖಾಸಗಿ ವಿಶ್ವವಿದ್ಯಾನಿಲಯ ಮಾಹೆಯಲ್ಲಿ ಡಾ. ಟಿ.ಎಂ.ಎ. ಪೈ ಹೆಸರಿನ ಪಿಎಚ್‌ಡಿ ವಿದ್ಯಾರ್ಥಿವೇತನ ಇದೆ. ಅಲ್ಲಿ ಮಾನವಿಕ ಅಧ್ಯಯನ ನಡೆಯುವುದು ಹೆಚ್ಚಾಗಿ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಬರೆಯುವವರು ಕೊಣಾಜೆಯ ಕಡೆಗೆ, ಇಂಗ್ಲಿಷಿನಲ್ಲಿ ಬರೆಯುವವರು ಮಣಿಪಾಲದ ಕಡೆಗೆ. ಒಂದೇ ಹೆದ್ದಾರಿಯ ಎರಡು ತುದಿಯವರು ಒಬ್ಬರನ್ನೊಬ್ಬರು ಓದುವುದು ಕಡಿಮೆ. ಇದು ನನ್ನ ದೂರು ಎಂದೇ ಇಟ್ಟುಕೊಳ್ಳಿ.

ಉಳಿದವರು ಪಾಠಕ್ಕೆ ಹೋಗುತ್ತಾರೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರ ಸಂಭಾವನೆಯನ್ನು ಸರ್ಕಾರ 2022ರಲ್ಲಿ ಪರಿಷ್ಕರಿಸಿದಾಗ ಯುಜಿಸಿ ಅರ್ಹತೆಯೂ ಐದು ವರ್ಷದ ಅನುಭವವೂ ಇದ್ದವರಿಗೆ ತಿಂಗಳಿಗೆ 32,000, ಅರ್ಹತೆಯಿಲ್ಲದ ಹೊಸಬರಿಗೆ 26,000 ರೂಪಾಯಿ ಎಂದಾಯಿತು. ವಾರಕ್ಕೆ 15 ಗಂಟೆ ಪಾಠ. ಅದಕ್ಕೂ ಮೊದಲು ಸಂಬಳ ಇದರ ಅರ್ಧಕ್ಕಿಂತಲೂ ಕಡಿಮೆ ಇತ್ತು, ಹಾಗಾಗಿ ಇದು ಸಣ್ಣ ಬದಲಾವಣೆಯಲ್ಲ. ಖಾಸಗಿ ಕಾಲೇಜುಗಳ ಸಂಬಳ ಪತ್ರದಲ್ಲಿ ಬರೆದದ್ದೊಂದು, ಕೈಗೆ ಸಿಗುವುದೊಂದು ಆಗಿರುವುದೂ ಉಂಟು. ನಾನು ಪಾಠ ಮಾಡಿದ ಒಂದು ಕಡೆ ಸಂಶೋಧನೆಗೆಂದು ವಾರಕ್ಕೊಂದು ದಿನ ಬಿಡುವು ಕೊಡುತ್ತೇವೆ ಎಂದಿದ್ದರು. ಆ ದಿನಕ್ಕೇ ಸರಿಯಾಗಿ ಕಾಲೇಜಿಗೆ ಗುಣಮಟ್ಟದ ಶ್ರೇಣಿ ಕೊಡುವ ನ್ಯಾಕ್‌ನ ಕಡತದ ಕೆಲಸ ಬಂದುಬಿಡುತ್ತಿತ್ತು. ಮೂರು ವರ್ಷದಲ್ಲಿ ಕಡತಗಳು ಅಚ್ಚುಕಟ್ಟಾದವು, ಎರಡನೇ ಅಧ್ಯಾಯ ಇದ್ದಲ್ಲೇ ಇತ್ತು.

ಮನೆಯವರ ಲೆಕ್ಕ ಇನ್ನೊಂದು. ಮದುವೆ ಮನೆಯಲ್ಲಿ ಊಟದ ಸಾಲಿನಲ್ಲಿ ನಿಂತಾಗ ದೊಡ್ಡಮ್ಮ ಕೇಳುತ್ತಾರೆ: "ಇನ್ನೂ ಮುಗೀಲಿಲ್ವಾ ಮಾರಾಯ್ತಿ ನಿಂದು? ಅವನು ನೋಡು, ನಿನ್ನ ಒಟ್ಟಿಗೆ ಕಲಿತವ, ದುಬೈಯಲ್ಲಿ ಮನೆ ಮಾಡಿದ." ಕೊಂಕು ಅಲ್ಲ ಅದು, ನಿಜವಾದ ಕಳವಳ. ಪ್ರತಿ ಎರಡನೇ ಮನೆಯಿಂದ ಯಾರಾದರೂ ಗಲ್ಫ್‌ನಲ್ಲೋ ಬೆಂಗಳೂರಲ್ಲೋ ಇರುವ ಊರಿನಲ್ಲಿ ಮೂವತ್ತು ದಾಟಿದವರ ಓದನ್ನು ಅರ್ಥಮಾಡಿಸುವುದು ಸುಲಭವಲ್ಲ. ಹುಡುಗಿಯರಿಗಂತೂ ಪಿಎಚ್‌ಡಿ ಮದುವೆಗೆ ಮುಂಚೆಯೇ ಮುಗಿಯಬೇಕು, ಇಲ್ಲವೇ ಗಂಡನ ಊರಿನ ಜೊತೆ ಹೊಂದಿಕೊಳ್ಳಬೇಕು. ನಿಯಮಾವಳಿ ಇದನ್ನು ಗಮನಿಸಿದೆ ಎಂಬುದನ್ನು ಹೇಳಲೇಬೇಕು. ಹೆರಿಗೆ ಹಾಗೂ ಮಗುವಿನ ಆರೈಕೆಗೆ 240 ದಿನಗಳವರೆಗೆ ರಜೆ ಇದೆ. ಮದುವೆಯಾಗಿ ಊರು ಬದಲಾದರೆ ಸಂಶೋಧನೆಯನ್ನು ಬೇರೆ ಸಂಸ್ಥೆಗೆ ಒಯ್ಯಲು ಅವಕಾಶವಿದೆ. ಎರಡನ್ನೂ ಬಲ್ಲ ಸಂಶೋಧಕಿಯರು ನನಗೆ ಸಿಕ್ಕಿದ್ದು ಕಡಿಮೆ. ವಿಭಾಗದ ಗೋಡೆಗೆ ಅಂಟಿಸುವ ಸುತ್ತೋಲೆಗಳಲ್ಲಿ ಇವು ಇರುವುದಿಲ್ಲ.

ಪ್ರಕಟಣೆಯ ಗೊಡವೆಯನ್ನು ಬೇಗ ಮುಗಿಸುತ್ತೇನೆ. 2016ರ ನಿಯಮದಲ್ಲಿ ಪ್ರಬಂಧ ಸಲ್ಲಿಸುವ ಮುಂಚೆ ಒಂದು ಲೇಖನ ಪ್ರಕಟಿಸಲೇಬೇಕಿತ್ತು, 2022ರಲ್ಲಿ ಆ ಕಡ್ಡಾಯ ಹೋಯಿತು. ಪತ್ರಿಕೆಗಳ ಗುಣಮಟ್ಟ ಹೇಳುತ್ತಿದ್ದ ಯುಜಿಸಿ ಕೇರ್ ಪಟ್ಟಿಯನ್ನೂ 2025ರ ಫೆಬ್ರವರಿಯಲ್ಲಿ ಕೈಬಿಟ್ಟರು. ಕನ್ನಡದ ಸಂಶೋಧಕರಿಗೆ ಅದರಿಂದ ಕಣ್ಣೀರು ಬರಲಿಲ್ಲ, ಆ ಪಟ್ಟಿಯಲ್ಲಿ ಕನ್ನಡ ಪತ್ರಿಕೆ ಹುಡುಕುವುದೇ ಒಂದು ಸಂಶೋಧನೆಯಾಗಿತ್ತು. ಸಂದರ್ಶನದ ಅಂಕ ಎಣಿಸುವಾಗ ಮಾತ್ರ ಪ್ರಕಟಣೆ ಇನ್ನೂ ಬೇಕು. ಹಾಗಾಗಿ ವಾಟ್ಸ್ಆ್ಯಪ್‌ನಲ್ಲಿ ‘ಮೂರು ದಿನದಲ್ಲಿ ಪ್ರಕಟಣೆ’ ಎಂದು ಬರುವ ಸಂದೇಶಗಳ ಅಂಗಡಿ ಮುಚ್ಚಿಲ್ಲ.

ದೊಡ್ಡವರು ಒಂದು ಮಾತು ಹೇಳುವುದುಂಟು: ಹಿಂದಿನವರು ಫೆಲೋಶಿಪ್ ಕೇಳದೆ ತಪಸ್ಸಿನಂತೆ ಕೆಲಸ ಮಾಡಿದರು ಎಂದು. ಈ ಮಾತನ್ನು ನಾನು ಒಪ್ಪುವುದಿಲ್ಲ. 1853ರಲ್ಲಿ ಭಾರತಕ್ಕೆ ಬಂದ ಕಿಟ್ಟೆಲ್‌ರ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದು 1894ರಲ್ಲಿ. ಟ್ಯೂಬಿಂಗನ್ ವಿಶ್ವವಿದ್ಯಾನಿಲಯ ಅವರಿಗೆ ಡಾಕ್ಟರೇಟ್ ಕೊಟ್ಟದ್ದು ಅದರ ನಂತರ, ಆರು ತಿಂಗಳಿಗೊಂದು ವರದಿ ಕೇಳದೆ. ಆದರೆ ಕಿಟ್ಟೆಲ್ ಹಿಂದೆ ಮಿಷನ್ ಇತ್ತು, ಮನೆ ನಡೆಯುತ್ತಿತ್ತು. ಉಡುಪಿಯ ಎಂಜಿಎಂ ಕಾಲೇಜಿನ ಆವರಣದ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ತುಳು ನಿಘಂಟಿನ ಕೆಲಸ ಶುರುವಾದದ್ದು 1979ರಲ್ಲಿ. ಡಾ. ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ಮೊದಲ ಸಂಪುಟ 1988ರಲ್ಲಿ ಬಂತು, ಆರನೆಯದು 1997ರಲ್ಲಿ. ಹದಿನೆಂಟು ವರ್ಷ. ಅಲ್ಲೂ ಒಂದು ಸಂಸ್ಥೆ ಬೆನ್ನಿಗಿತ್ತು, ಸಂಬಳದ ಸಿಬ್ಬಂದಿ ಇದ್ದರು. ಅವರ ದುಡಿಮೆ ದೊಡ್ಡದೇ, ಆದರೆ ಅವರ ಹೊತ್ತಿನ ಬಾಡಿಗೆಯನ್ನು ಯಾರೋ ಕಟ್ಟುತ್ತಿದ್ದರು. ಇವತ್ತು ಆ ಬಾಡಿಗೆಯನ್ನು ಕಟ್ಟುತ್ತಿರುವವರು ಅಪ್ಪನ ಪಿಂಚಣಿ, ಅಣ್ಣನ ಗಲ್ಫ್ ಸಂಬಳ, ಗಂಡನ ಬ್ಯಾಂಕು ಕೆಲಸ. ಹಾಗೆ ಕಟ್ಟುವವರು ಯಾರೂ ಇಲ್ಲದ ಮನೆಯ ಮಕ್ಕಳು, ಬೀಡಿ ಕಟ್ಟಿದ ತಾಯಂದಿರ ಮಕ್ಕಳು, ಎರಡನೇ ವರ್ಷದ ಕೊನೆಗೆ ಎಲ್ಲೋ ಕೆಲಸ ಹಿಡಿಯುತ್ತಾರೆ. ಯಾವ ವಿಷಯಗಳ ಮೇಲೆ ಸಂಶೋಧನೆ ಆಗುತ್ತದೆ, ಯಾವುದರ ಮೇಲೆ ಆಗುವುದಿಲ್ಲ ಎಂಬುದೂ ಅಲ್ಲಿಯೇ ತೀರ್ಮಾನವಾಗುತ್ತದೆ.

ಇಷ್ಟಾದರೂ ಸೇರುವವರ ಸಂಖ್ಯೆ ಏರುತ್ತಿದೆ. ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯಂತೆ ದೇಶದಲ್ಲಿ ಪಿಎಚ್‌ಡಿಗೆ ನೋಂದಾಯಿಸಿಕೊಂಡವರು 2014-15ರಲ್ಲಿ 1.17 ಲಕ್ಷ ಇದ್ದರು, 2021-22ರಲ್ಲಿ 2.12 ಲಕ್ಷ. ಉದ್ಯೋಗ ಹಾಗೆ ಏರಿಲ್ಲ. ನಮ್ಮ ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಿಗೆ 2021ರಲ್ಲಿ ಕರೆದದ್ದು ಎಲ್ಲ ವಿಷಯಗಳೂ ಸೇರಿ 1,242 ಸಹಾಯಕ ಪ್ರಾಧ್ಯಾಪಕ ಹುದ್ದೆ. ವಿಶ್ವವಿದ್ಯಾನಿಲಯಗಳಲ್ಲಿ ಪಾಠ ಮಾಡಲು ಪಿಎಚ್‌ಡಿ ಕಡ್ಡಾಯ ಎಂದು ಹೇಳಿ, ಅದನ್ನು ಎರಡು ವರ್ಷ ಮುಂದೂಡಿ, 2023ರ ಜೂನ್ 30ರಂದು ನೆಟ್ ಅಥವಾ ರಾಜ್ಯಮಟ್ಟದ ಸೆಟ್ ಸಾಕು, ಪಿಎಚ್‌ಡಿ ಐಚ್ಛಿಕ ಎಂದರು. ಕಡ್ಡಾಯ ಎಂದು ನಂಬಿ ಐದು ವರ್ಷ ಹಾಕಿದವರು ಆ ದಿನ ಸಂಜೆ ಏನು ಮಾಡಿದರು ಎಂದು ಕೇಳಬೇಡಿ. ನಾನು ಮತ್ತು ಗೆಳತಿ ಸ್ಟೇಟ್‌ಬ್ಯಾಂಕ್ ಬಳಿ ಬಸ್ಸಿಗೆ ಕಾಯುತ್ತ ಎರಡೆರಡು ಗೋಳಿಬಜೆ ತಿಂದೆವು.

ಏನು ಮಾಡಬಹುದು? ದೊಡ್ಡ ಪಟ್ಟಿ ನನ್ನ ಬಳಿ ಇಲ್ಲ. ರಾಜ್ಯ ವಿಶ್ವವಿದ್ಯಾನಿಲಯಗಳ ಪೂರ್ಣಕಾಲಿಕ ಸಂಶೋಧಕರಿಗೆ ರಾಜ್ಯವೇ ಒಂದು ಕನಿಷ್ಠ ವೇತನ ಕೊಡಬೇಕು ಎಂಬುದು ಹಳೆಯ ಬೇಡಿಕೆ, ಸಂಯೋಜಿತ ಕಾಲೇಜುಗಳು ಒಂದೊಂದಾಗಿ ಸ್ವಾಯತ್ತ, ಡೀಮ್ಡ್ ಆಗುತ್ತ ವಿಶ್ವವಿದ್ಯಾನಿಲಯಕ್ಕೆ ಬರುವ ಶುಲ್ಕವೇ ಇಳಿಯುತ್ತಿರುವಾಗ ವಿಶ್ವವಿದ್ಯಾನಿಲಯದ ಬೊಕ್ಕಸದಿಂದ ಅದು ಆಗದ ಮಾತು. ದುಡ್ಡು ಬೇಡದ ಕೆಲಸಗಳೂ ಇವೆ. ಸಲಹಾ ಸಮಿತಿ ಆರು ತಿಂಗಳಿಗೊಮ್ಮೆ ಸೇರಲಿ, ಆದರೆ ಯಾವ ಆರು ತಿಂಗಳಲ್ಲಿ ಏನು ನಿರೀಕ್ಷಿಸಬೇಕು ಎಂಬುದನ್ನು ವಿಷಯದ ಋತು ನೋಡಿ ಮೊದಲೇ ಗೊತ್ತುಮಾಡಲಿ. ನೇಮದವರಿಗೆ ಕೋರ್ಸ್‌ವರ್ಕ್ ಮಳೆಗಾಲದಲ್ಲಿ ನಡೆಯಲಿ. ಕಂಟಿಂಜೆನ್ಸಿಯ ದೊಡ್ಡ ಮೊತ್ತ ಮೊದಲ ವರ್ಷಗಳಿಗೆ ಬರಲಿ.

ಇನ್ನೊಂದು, ಎಲ್ಲಕ್ಕಿಂತ ಅಗ್ಗದ್ದು. ಕ್ಷೇತ್ರದಲ್ಲಿ ಸಿಕ್ಕಿದ್ದನ್ನು ಇಡಲು ಜಾಗ. ಎಂಜಿಎಂ ಆವರಣದಲ್ಲಿ ಜಾನಪದ ರಂಗಕಲೆಗಳ ಪ್ರಾದೇಶಿಕ ಸಂಪನ್ಮೂಲ ಕೇಂದ್ರ ಎಂಬುದೊಂದು ಇದೆ, ಧ್ವನಿ ಮತ್ತು ದೃಶ್ಯ ದಾಖಲೆಗಳನ್ನು ಕೂಡಿಸಿಡುವ ಯೋಚನೆ ನಮ್ಮ ಹಿರಿಯರಿಗೆ ಆಗಲೇ ಬಂದಿತ್ತು. ಇವತ್ತು ಪ್ರಬಂಧ ಶೋಧಗಂಗಾ ಎಂಬ ಅಂತರ್ಜಾಲ ಭಂಡಾರಕ್ಕೆ ಹೋಗುತ್ತದೆ. ಹಳೆಯ ‘ನುಡಿ’ ತಂತ್ರಾಂಶದ ಅಕ್ಷರದಲ್ಲಿ ಬೆರಳಚ್ಚಾಗಿದ್ದರೆ ಅಲ್ಲಿ ಒಂದು ಪದ ಹುಡುಕಿದರೂ ಸಿಗುವುದಿಲ್ಲ ಎಂಬುದು ಬೇರೆ ಮಾತು. ಆ ಪ್ರಬಂಧಕ್ಕೆ ಆಧಾರವಾದ ನೂರಾರು ಗಂಟೆಗಳ ಧ್ವನಿ ಎಲ್ಲಿಗೂ ಹೋಗುವುದಿಲ್ಲ. ನನಗೆ ಪಾಡ್ದನ ಹೇಳಿಕೊಟ್ಟ ಅಜ್ಜಿ ನಾನು ಪ್ರಬಂಧ ಸಲ್ಲಿಸುವ ಹಿಂದಿನ ಮಳೆಗಾಲದಲ್ಲಿ ತೀರಿಕೊಂಡರು. ನೇಜಿ ನೆಡುವಾಗ ಹೇಳುವ ಆ ಪಾಡ್ದನಗಳನ್ನು ಅವರು ಗದ್ದೆ ಇಲ್ಲದೆ, ಜಗಲಿಯಲ್ಲಿ ಕೂತು, ನನಗಾಗಿ ಮೂರು ಮಧ್ಯಾಹ್ನ ಹೇಳಿದ್ದರು. ಮೊನ್ನೆ ಅವರ ಮೊಮ್ಮಗ ಫೋನ್ ಮಾಡಿ, "ಅಕ್ಕ, ಅಜ್ಜಿಯ ಸ್ವರ ನಿಮ್ಮಲ್ಲಿ ಉಂಟಲ್ಲ, ಕಳಿಸ್ತೀರಾ?" ಎಂದ. ಎರಡು ಕಡತ ಹಳೆಯ ಫೋನಿನಲ್ಲಿ ಸಿಕ್ಕವು. ಮೂರನೆಯದಿದ್ದ ಮೆಮೊರಿ ಕಾರ್ಡು ಕಂಪ್ಯೂಟರಿಗೆ ಹಾಕಿದರೆ ತೆರೆಯುತ್ತಿಲ್ಲ. ಹಂಪನಕಟ್ಟೆಯಲ್ಲಿ ರಿಪೇರಿಯವರ ಬಳಿ ಕೊಟ್ಟಿದ್ದೇನೆ, ಶನಿವಾರ ಬನ್ನಿ ಎಂದಿದ್ದಾರೆ.